ಹಿಮದ ಬೀದಿಯಲ್ಲಿ ಸೇವೆ: ಪರಹಿತದೊಂದಿಗೆ ಪ್ರಾಣರಕ್ಷಣೆಯೂ ಇರಲಿ

ಕ್ರಿಸ್‌ಮಸ್ ಹಬ್ಬ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಗೋದಲಿ ಕಟ್ಟುವ ಸಂಭ್ರಮ. ಹುಲ್ಲಿನ ಮಾಡಿನ ಮೇಲೆ, ಮಣ್ಣಿನ ಕುರಿಮರಿಗಳ ಸುತ್ತ, ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹರಡುತ್ತೇವೆ. ಕರಾವಳಿಯ ಸೆಕೆಯಲ್ಲಿಯೂ ಬಯಲುಸೀಮೆಯ ಬಿಸಿಲಿನಲ್ಲಿಯೂ ಬೆಳೆದ ನಮಗೆ ಹಿಮವೆಂದರೆ ಈ ಹತ್ತಿಯೇ. ರೋಮ್ ನಗರದ ಸಂತ ಮೇರಿ ಮೇಜರ್ ಮಹಾದೇವಾಲಯದಲ್ಲಿ ಪ್ರತಿವರ್ಷ ಆಗಸ್ಟ್ 5ರಂದು ಹಿಮಮಾತೆಯ ಸ್ಮರಣೆಗಾಗಿ ಛಾವಣಿಯಿಂದ ಬಿಳಿಯ ಹೂವಿನ ಎಸಳುಗಳನ್ನು ಸುರಿಸುತ್ತಾರೆ. ನಾಲ್ಕನೆಯ ಶತಮಾನದಲ್ಲಿ, ಕಡುಬೇಸಗೆಯ ಒಂದು ರಾತ್ರಿ, ಎಸ್ಕ್ವಿಲಿನ್ ಬೆಟ್ಟದ ಮೇಲೆ ಹಿಮ ಬಿದ್ದು ದೇವಾಲಯದ ಸ್ಥಳವನ್ನು ತೋರಿಸಿತೆಂಬ ಪರಂಪರೆಯ ಕಥೆ ಅದರ ಹಿಂದಿದೆ. 2025ರ ಏಪ್ರಿಲ್‌ನಲ್ಲಿ ಜಗದ್ಗುರು ಫ್ರಾನ್ಸಿಸ್ ಅವರ ಪಾರ್ಥಿವ ಶರೀರವನ್ನು ಸಮಾಧಿ ಮಾಡಿದ್ದು ಅದೇ ದೇವಾಲಯದಲ್ಲಿ. ಹೀಗೆ ನಮ್ಮ ಭಕ್ತಿಯಲ್ಲಿಯೂ ಹಿಮವು ಹೂವಿನಂತೆ ಮೃದುವಾದದ್ದು, ಹಗುರವಾದದ್ದು.

ಆದರೆ ಇಂದು ನಮ್ಮ ಧರ್ಮಕೇಂದ್ರಗಳ ಅನೇಕ ಕುಟುಂಬಗಳಿಗೆ ಹಿಮವು ಗೋದಲಿಯ ಅಲಂಕಾರವಾಗಿ ಉಳಿದಿಲ್ಲ. ಮಕ್ಕಳು ಓದಿಗಾಗಿ, ಉದ್ಯೋಗಕ್ಕಾಗಿ ಕೆನಡಾ ಮತ್ತು ಅಮೆರಿಕದ ಶೀತಪ್ರದೇಶಗಳನ್ನು ಸೇರಿದ್ದಾರೆ. ಜನವರಿಯ ಒಂದು ಭಾನುವಾರ ಅವರಿಂದ ದೂರವಾಣಿ ಕರೆ ಬರುತ್ತದೆ. "ಅಪ್ಪಾ, ಈ ದಿನ ನಮ್ಮ ಚರ್ಚಿನ ಯುವಕರೆಲ್ಲ ಸೇರಿ ನಾಲ್ಕು ಮಂದಿ ವೃದ್ಧರ ಮನೆಗಳ ಮುಂದಿನ ಹಿಮ ತೆಗೆದೆವು" ಎಂದು ಮಗ ಹೇಳುವಾಗ ಹೆತ್ತವರಿಗೆ ಹೆಮ್ಮೆಯಾಗುವುದು ಸಹಜ. ಪರದೇಶಕ್ಕೆ ಹೋದರೂ ಮಗ ಸೇವಾಭಾವವನ್ನು ಮರೆಯಲಿಲ್ಲವಲ್ಲ ಎಂಬ ಸಮಾಧಾನ. ಮಗಳ ಬಾಣಂತನಕ್ಕೆಂದು ಅಲ್ಲಿಗೆ ಹೋದ ತಂದೆತಾಯಂದಿರಂತೂ ಸುಮ್ಮನೆ ಕುಳಿತುಕೊಳ್ಳುವವರಲ್ಲ. ನೆರೆಮನೆಯ ಅಜ್ಜಿಯೊಬ್ಬರು ಬಾಗಿಲು ತೆರೆಯಲಾರದೆ ನಿಂತದ್ದನ್ನು ಕಂಡರೆ ಸಲಿಕೆ ಹಿಡಿದು ಹೊರಟೇಬಿಡುತ್ತಾರೆ.

ಈ ಸೇವೆ ಶ್ಲಾಘನೀಯವಾದದ್ದು. ಆದರೆ ಇದರಲ್ಲಿ ಅಪಾಯವೂ ಇದೆ. ಹಿಮವನ್ನು ತಿಳಿದು ಬೆಳೆದವರೇ ಪ್ರತಿವರ್ಷ ಈ ಕೆಲಸದಲ್ಲಿ ಪ್ರಾಣ ಕಳೆದುಕೊಳ್ಳುತ್ತಿರುವಾಗ, ಅದನ್ನು ಹತ್ತಿಯೆಂದು ಬಗೆದ ನಮ್ಮವರು ಇನ್ನಷ್ಟು ಜಾಗರೂಕರಾಗಬೇಕು. ಈ ವಿಷಯವನ್ನು ಇಲ್ಲಿರುವ ಹೆತ್ತವರೂ ಅಲ್ಲಿರುವ ಮಕ್ಕಳೂ ಒಟ್ಟಿಗೆ ತಿಳಿಯಬೇಕೆಂಬ ಉದ್ದೇಶದಿಂದ ಈ ಲೇಖನವನ್ನು ಓದುಗರ ಮುಂದಿಡುತ್ತಿದ್ದೇವೆ.

ಹಿಮ ತೆಗೆಯುವ ಹೊಣೆ ಯಾರದು?

ನಮ್ಮ ಊರುಗಳಲ್ಲಿ ಬೀದಿ ಗುಡಿಸುವುದು ಪಂಚಾಯಿತಿಯ ಅಥವಾ ನಗರಸಭೆಯ ಕೆಲಸ. ಆ ದೇಶಗಳಲ್ಲಿ ನಡುರಸ್ತೆಯ ಹಿಮವನ್ನು ನಗರಾಡಳಿತದ ದೊಡ್ಡ ಲಾರಿಗಳು ತಳ್ಳಿ ತೆಗೆಯುತ್ತವೆ. ಮನೆಯ ಮುಂದಿನ ಫುಟ್‌ಪಾತನ್ನು ಮಾತ್ರ ಅನೇಕ ನಗರಗಳಲ್ಲಿ ಆ ಮನೆಯವರೇ ತೆರವು ಮಾಡಬೇಕು. ಕೆನಡಾದ ಕ್ಯಾಲ್ಗರಿಯಲ್ಲಿ ಹಿಮಪಾತ ನಿಂತ 24 ಗಂಟೆಗಳೊಳಗೆ ಈ ಕೆಲಸ ಮುಗಿಯಬೇಕೆಂಬ ನಿಯಮವಿದೆ. ಗಟ್ಟಿಮುಟ್ಟಾದವರಿಗೆ ಇದು ಕಷ್ಟವಲ್ಲ. ಎಂಬತ್ತು ದಾಟಿದ ಒಂಟಿ ವೃದ್ಧೆಗೆ, ಗಾಲಿಕುರ್ಚಿಯಲ್ಲಿರುವವರಿಗೆ, ಆಗತಾನೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಇದು ಅಸಾಧ್ಯ. ಹಿಮ ತೆಗೆಯದಿದ್ದರೆ ಅವರು ಮನೆಯೊಳಗೇ ಬಂದಿಗಳಾಗುತ್ತಾರೆ. ಔಷಧಿಗೆ ಹೋಗುವಂತಿಲ್ಲ, ಬಲಿಪೂಜೆಗೆ ಹೋಗುವಂತಿಲ್ಲ, ಅಂಚೆಯವನೂ ಬಾಗಿಲಿಗೆ ಬರುವಂತಿಲ್ಲ.

ಈ ಕೊರತೆಯನ್ನು ತುಂಬಲೆಂದೇ ಸ್ವಯಂಸೇವಕರ ವ್ಯವಸ್ಥೆಗಳು ಹುಟ್ಟಿಕೊಂಡಿವೆ. ಕ್ಯಾಲ್ಗರಿಯಲ್ಲಿಯೂ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿಯೂ ಇಂತಹವರನ್ನು 'ಸ್ನೋ ಏಂಜಲ್ಸ್', ಅಂದರೆ ಹಿಮದ ದೇವದೂತರು ಎಂದು ಕರೆಯುತ್ತಾರೆ. ಶಿಕಾಗೊ ನಗರದಲ್ಲಿ 'ಸ್ನೋ ಕೋರ್' ಎಂಬ ಹೆಸರಿನಲ್ಲಿ ಸ್ವಯಂಸೇವಕರನ್ನು ವೃದ್ಧರ ಮತ್ತು ಅಂಗವಿಕಲರ ಮನೆಗಳಿಗೆ ಜೋಡಿಸಿಕೊಡುವ ಏರ್ಪಾಡು ನಡೆದುಬಂದಿದೆ. ಬೆಂಕಿ ನಂದಿಸಲು ಬೀದಿಬದಿಯಲ್ಲಿ ಇರಿಸಿದ ನೀರಿನ ಹೈಡ್ರಂಟುಗಳು ಹಿಮದಲ್ಲಿ ಹೂತುಹೋದರೆ ಅಗ್ನಿಶಾಮಕ ದಳದವರಿಗೆ ಅಮೂಲ್ಯ ನಿಮಿಷಗಳು ನಷ್ಟವಾಗುತ್ತವೆ. ಅವುಗಳ ಸುತ್ತಲಿನ ಹಿಮ ತೆಗೆಯುವುದೂ ನೆರೆಹೊರೆಯವರ ಸೇವೆಯೇ. ಹೀಗೆ ಒಂದು ಸಲಿಕೆ ಹಿಮದ ಹಿಂದೆ ಒಬ್ಬರ ಬದುಕು ನಿಂತಿರುತ್ತದೆ.

ಕಾಣಲು ಹತ್ತಿ, ಎತ್ತಲು ಅಕ್ಕಿಮೂಟೆ

ಆಗಲೇ ಬಿದ್ದ ಒಣಹಿಮ ಹಗುರವೆಂಬುದು ನಿಜ. ಒಂದು ಘನ ಮೀಟರ್ ಹೊಸ ಹಿಮ ಸುಮಾರು 50ರಿಂದ 100 ಕಿಲೋ ತೂಗುತ್ತದೆ. ಅದೇ ಹಿಮ ನೀರು ಹೀರಿ ಒದ್ದೆಯಾದರೆ ಅಥವಾ ಲಾರಿ ತಳ್ಳಿ ಒತ್ತಿಹೋದರೆ ಘನ ಮೀಟರಿಗೆ 300 ಕಿಲೋ ಮತ್ತು ಅದಕ್ಕೂ ಹೆಚ್ಚು ಭಾರವಾಗುತ್ತದೆ.

ಒಂದು ಸಣ್ಣ ಲೆಕ್ಕ ಮಾಡೋಣ. ಒಂದು ಮನೆಯ ಮುಂದೆ 10 ಮೀಟರ್ ಉದ್ದ, ಒಂದೂವರೆ ಮೀಟರ್ ಅಗಲದ ಕಾಲುದಾರಿ ಇದೆಯೆನ್ನೋಣ. ಅದರ ಮೇಲೆ 20 ಸೆಂಟಿಮೀಟರ್, ಅಂದರೆ ಒಂದು ಗೇಣಿನಷ್ಟು ಹಿಮ ಬಿದ್ದಿದೆ. ಅಷ್ಟರಲ್ಲೇ ಮೂರು ಘನ ಮೀಟರ್ ಹಿಮವಾಯಿತು. ಅದು ಒಣಗಿದ್ದರೆ ಸುಮಾರು 300 ಕಿಲೋ, ಅಂದರೆ 50 ಕಿಲೋ ತೂಕದ ಆರು ಅಕ್ಕಿಮೂಟೆಗಳು. ಒದ್ದೆಯಾಗಿದ್ದರೆ 900 ಕಿಲೋ, ಹದಿನೆಂಟು ಮೂಟೆಗಳು. ಒಂದು ಸಲಿಕೆಗೆ ಏಳು ಕಿಲೋ ಎಂದರೂ ನೂರ ಇಪ್ಪತ್ತೊಂಬತ್ತು ಸಲ ಬಗ್ಗಿ, ಎತ್ತಿ, ಎಸೆಯಬೇಕು. ಇದು ಒಂದೇ ಮನೆಯ ಲೆಕ್ಕ. 'ನಾಲ್ಕು ಮನೆ ಮುಗಿಸಿಯೇ ಹೋಗೋಣ' ಎನ್ನುವ ಉತ್ಸಾಹಿಗಳು ಇದನ್ನು ನಾಲ್ಕರಿಂದ ಗುಣಿಸಿ ನೋಡಬೇಕು.

2015ರ ಚಳಿಗಾಲದಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಒಟ್ಟು 110 ಅಂಗುಲಗಳಿಗೂ ಮಿಕ್ಕಿ, ಅಂದರೆ ಒಂಬತ್ತು ಅಡಿಗಳಷ್ಟು ಹಿಮ ಬಿದ್ದು ದಾಖಲೆಯಾಯಿತು. ಅಂತಹ ವರ್ಷದಲ್ಲಿ ಈ ದುಡಿಮೆ ಒಂದು ದಿನಕ್ಕೆ ಮುಗಿಯುವುದಿಲ್ಲ, ವಾರ ವಾರವೂ ಮರುಕಳಿಸುತ್ತದೆ.

ಹೃದಯ ನೀಡುವ ಎಚ್ಚರಿಕೆ

ಬೆನ್ನುನೋವು, ಕೈಕಾಲು ಮುರಿತ ಇವು ಈ ಕೆಲಸದ ಸಾಮಾನ್ಯ ಫಲಗಳು. ಪ್ರಾಣ ತೆಗೆಯುವುದು ಮಾತ್ರ ಬಹುಪಾಲು ಹೃದಯಾಘಾತವೇ. ಅಮೆರಿಕದ ಆಸ್ಪತ್ರೆಗಳ ತುರ್ತುಚಿಕಿತ್ಸಾ ವಿಭಾಗಗಳ ದಾಖಲೆಗಳನ್ನು ಆಧರಿಸಿದ, 1990ರಿಂದ 2006ರವರೆಗಿನ ಅವಧಿಯ ಒಂದು ಅಧ್ಯಯನವು 2011ರಲ್ಲಿ ಪ್ರಕಟವಾಯಿತು. ಸಲಿಕೆಯಿಂದ ಹಿಮ ತೆಗೆಯುವಾಗ ವರ್ಷಕ್ಕೆ ಸರಾಸರಿ 11,500 ಮಂದಿ ಗಾಯಗೊಂಡು ಅಥವಾ ಅಸ್ವಸ್ಥರಾಗಿ ಆಸ್ಪತ್ರೆಗೆ ಬರುತ್ತಿದ್ದರೆಂದು ಅದು ಅಂದಾಜು ಮಾಡಿತು. ಅವರಲ್ಲಿ ಹೃದಯಸಂಬಂಧಿ ತೊಂದರೆಯವರು ನೂರಕ್ಕೆ ಏಳರಷ್ಟೇ ಇದ್ದರು. ಆದರೆ ಸಾವುಗಳೆಲ್ಲ ಸಂಭವಿಸಿದ್ದು ಆ ಏಳರಲ್ಲಿಯೇ.

ಕಾರಣವನ್ನು ವೈದ್ಯರು ಹೀಗೆ ವಿವರಿಸುತ್ತಾರೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಕಾಲುಗಳಿಂದ ಮಾಡುವ ನಡಿಗೆಗಿಂತ ತೋಳುಗಳಿಂದ ಎತ್ತುವ ದುಡಿಮೆ ಹೃದಯಕ್ಕೆ ಹೆಚ್ಚು ಭಾರ. ಭಾರವೆತ್ತುವಾಗ ನಾವು ತಿಳಿಯದೆ ಉಸಿರು ಬಿಗಿಹಿಡಿಯುತ್ತೇವೆ, ಅದರಿಂದ ಒತ್ತಡ ಮತ್ತಷ್ಟು ಏರುತ್ತದೆ. ಹೃದಯಕ್ಕೆ ಹೆಚ್ಚು ರಕ್ತ ಬೇಕಾದ ಹೊತ್ತಿನಲ್ಲಿಯೇ ಅದಕ್ಕೆ ರಕ್ತ ಒಯ್ಯುವ ನಾಳಗಳು ಚಳಿಗೆ ಕಿರಿದಾಗಿರುತ್ತವೆ. 1995ರಲ್ಲಿ ಅಮೆರಿಕದ ವೈದ್ಯರು ಹತ್ತು ಮಂದಿ ಆರೋಗ್ಯವಂತ ಗಂಡಸರಿಂದ ಒದ್ದೆ ಹಿಮವನ್ನು ತೆಗೆಸಿ ಪರೀಕ್ಷಿಸಿದರು. ಎರಡೇ ನಿಮಿಷಗಳಲ್ಲಿ ಅವರ ನಾಡಿಬಡಿತವು ವ್ಯಾಯಾಮಕ್ಕೆ ಸಾಮಾನ್ಯವಾಗಿ ಸೂಚಿಸುವ ಮಿತಿಯನ್ನು ಮೀರಿತ್ತು. ಕೆನಡಾದ ಕ್ವಿಬೆಕ್ ಪ್ರಾಂತ್ಯದ ಮೂರು ದಶಕಗಳ ದಾಖಲೆಗಳನ್ನು ಪರಿಶೀಲಿಸಿದ ಇನ್ನೊಂದು ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಭಾರೀ ಹಿಮಪಾತದ ಮರುದಿನ ಗಂಡಸರಲ್ಲಿ ಹೃದಯಾಘಾತವೂ ಅದರಿಂದಾಗುವ ಸಾವೂ ಹೆಚ್ಚುತ್ತವೆಂದು ಅದು ತೋರಿಸಿಕೊಟ್ಟಿತು.

ಇಲ್ಲಿ ನಮ್ಮವರು ವಿಶೇಷವಾಗಿ ಗಮನಿಸಬೇಕಾದ ಸಂಗತಿಯೊಂದಿದೆ. ಭಾರತವೂ ಸೇರಿದಂತೆ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವು ಇತರ ದೇಶದವರಿಗಿಂತ ಸರಾಸರಿ ಐದಾರು ವರ್ಷ ಮೊದಲೇ ಆಗುತ್ತದೆಂದು ಹಲವು ದೇಶಗಳಲ್ಲಿ ನಡೆದ ಸಂಶೋಧನೆಗಳು ಹೇಳಿವೆ. ಸಕ್ಕರೆ ಕಾಯಿಲೆಯೂ ರಕ್ತದೊತ್ತಡವೂ ನಮ್ಮ ಮನೆಗಳಿಗೆ ಅಪರಿಚಿತವಲ್ಲ. 'ನಾವು ಗದ್ದೆ ಉತ್ತವರು, ತೋಟದಲ್ಲಿ ಮಣ್ಣು ಹೊತ್ತವರು, ಇದೇನು ಮಹಾ' ಎಂದು ಹೇಳುವ ಹಿರಿಯರಿದ್ದಾರೆ. ಮಣ್ಣು ಹೊತ್ತದ್ದು ಮೂವತ್ತು ವರ್ಷಗಳ ಹಿಂದೆ, ಮೂವತ್ತು ಡಿಗ್ರಿಯ ಬಿಸಿಲಿನಲ್ಲಿ ಎಂಬುದನ್ನು ಅವರು ನೆನೆಯಬೇಕು.

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರು, ಬೈಪಾಸ್ ಆದವರು, ಎದೆನೋವು ಇರುವವರು ಸಲಿಕೆಯನ್ನು ಮುಟ್ಟಲೇಬಾರದು. ನಲವತ್ತೈದು ದಾಟಿದವರು, ಕುಳಿತು ಕೆಲಸ ಮಾಡುವ ಅಭ್ಯಾಸದವರು, ಧೂಮಪಾನಿಗಳು ಮೊದಲು ವೈದ್ಯರನ್ನು ಕೇಳಬೇಕು. ಎದೆಯಲ್ಲಿ ಒತ್ತಿದಂತಾಗುವುದು, ನೋವು ತೋಳಿಗೆ ಅಥವಾ ದವಡೆಗೆ ಹರಡುವುದು, ಏದುಸಿರು, ತಲೆಸುತ್ತು, ಚಳಿಯಲ್ಲೂ ತಣ್ಣನೆಯ ಬೆವರು, ಇವುಗಳಲ್ಲಿ ಒಂದು ಕಂಡರೂ ಕೆಲಸ ಅಲ್ಲಿಗೇ ನಿಲ್ಲಬೇಕು. 'ಇನ್ನೊಂದು ಮೀಟರ್ ಉಳಿದಿದೆ' ಎನ್ನದೆ, 'ಗ್ಯಾಸ್ ಇರಬೇಕು' ಎಂದು ನೀರು ಕುಡಿದು ಕಾಯದೆ, ಆ ದೇಶಗಳ ತುರ್ತು ಸಂಖ್ಯೆಯಾದ 911ಕ್ಕೆ ಕೂಡಲೇ ಕರೆಮಾಡಬೇಕು.

ದುಡಿಮೆಗೂ ಒಂದು ಕ್ರಮವಿದೆ

ಎದ್ದ ಕೂಡಲೇ, ಅಥವಾ ಹೊಟ್ಟೆ ತುಂಬ ಉಂಡ ಕೂಡಲೇ ಸಲಿಕೆ ಹಿಡಿಯುವುದು ಹಿತವಲ್ಲ. ಮನೆಯೊಳಗೆ ಐದು ನಿಮಿಷ ನಡೆದಾಡಿ, ಕೈಕಾಲು ಬೀಸಿ, ಮೈ ಬೆಚ್ಚಗಾದ ಮೇಲೆ ಹೊರಗೆ ಹೆಜ್ಜೆಯಿಡಬೇಕು. ಹಿಮವೆಲ್ಲ ಬಿದ್ದು ಮುಗಿಯಲೆಂದು ಕಾಯುವುದಕ್ಕಿಂತ, ಅದು ಹಗುರವಾಗಿರುವಾಗಲೇ ಎರಡು ಮೂರು ಕಂತುಗಳಲ್ಲಿ ತೆಗೆಯುವುದು ಸುಲಭ. ಬಿರುಗಾಳಿ ಬೀಸುತ್ತಿರುವಾಗ ಮಾತ್ರ ಯಾರೂ ಹೊರಬರಬಾರದು.

ಸಾಧ್ಯವಿದ್ದಷ್ಟು ಹಿಮವನ್ನು ಎತ್ತದೆ ತಳ್ಳಬೇಕು. ಎತ್ತಲೇಬೇಕಾದರೆ ಸಲಿಕೆ ಅರ್ಧ ತುಂಬಿದರೆ ಸಾಕು. ಸೊಂಟ ಬಗ್ಗಿಸದೆ ಮೊಣಕಾಲು ಮಡಿಸಿ, ಭಾರವನ್ನು ದೇಹಕ್ಕೆ ಹತ್ತಿರ ಹಿಡಿದು, ಉಸಿರು ಬಿಡುತ್ತಾ ಏಳಬೇಕು. ಹೆಗಲ ಮೇಲಿನಿಂದ ಹಿಂದಕ್ಕೆ ಎಸೆಯುವುದು, ಸೊಂಟವನ್ನು ತಿರುಚಿ ಪಕ್ಕಕ್ಕೆ ಹಾಕುವುದು ಬೆನ್ನಿಗೆ ಮಾರಕ. ಹಿಮ ಹಾಕಬೇಕಾದ ದಿಕ್ಕಿಗೆ ಪಾದಗಳನ್ನೇ ತಿರುಗಿಸಿಕೊಳ್ಳಬೇಕು. ಹದಿನೈದು ನಿಮಿಷಗಳಿಗೊಮ್ಮೆ ಬಿಡುವು ಮಾಡಿಕೊಂಡು ಬೆಚ್ಚಗಿನ ಕಡೆ ಕುಳಿತು ನೀರು ಕುಡಿಯಬೇಕು. ಚಳಿಯಲ್ಲಿ ಬಾಯಾರಿಕೆ ತಿಳಿಯುವುದಿಲ್ಲ, ಆದರೆ ಬೆವರು ಹರಿಯುತ್ತಲೇ ಇರುತ್ತದೆ.

ನೆಲ ತೆರವಾದ ಮೇಲೆ ಉಪ್ಪು ಅಥವಾ ಮರಳು ಚೆಲ್ಲಬೇಕು. ಉಪ್ಪು ಮಂಜುಗಡ್ಡೆಯನ್ನು ಕರಗಿಸುತ್ತದೆ. ಚಳಿ ಸೊನ್ನೆಗಿಂತ ಹತ್ತು ಡಿಗ್ರಿಯಷ್ಟು ಕೆಳಗಿಳಿದರೆ ಸಾಧಾರಣ ಉಪ್ಪಿನ ಶಕ್ತಿ ಕುಗ್ಗುವುದರಿಂದ ಆಗ ಮರಳೇ ಮೇಲು. ಅದು ಕರಗಿಸದಿದ್ದರೂ ಕಾಲಿಗೆ ಹಿಡಿತ ಕೊಡುತ್ತದೆ. ನೆಲದ ಬಣ್ಣಕ್ಕೇ ಹೊಂದಿಕೊಂಡು ಕಣ್ಣಿಗೆ ಬೀಳದ ತೆಳುವಾದ ಮಂಜುಗಡ್ಡೆಯು ನಮ್ಮ ಮಳೆಗಾಲದ ಪಾಚಿಗಿಂತ ಹೆಚ್ಚು ಜಾರುತ್ತದೆ. ಅಡಿಯಲ್ಲಿ ಹಲ್ಲುಗಳಿರುವ ಬೂಟು ತೊಟ್ಟು, ಪಾದವನ್ನು ಪೂರ್ತಿ ನೆಲಕ್ಕೂರಿ, ಸಣ್ಣ ಸಣ್ಣ ಹೆಜ್ಜೆಯಿಟ್ಟು ನಡೆಯಬೇಕು.

ಬೀದಿಯಲ್ಲಿ ಎಚ್ಚರ

ಸಾರ್ವಜನಿಕ ಬೀದಿಯೆಂದ ಮೇಲೆ ವಾಹನಗಳ ಭಯವಿದ್ದೇ ಇದೆ. ಹಿಮ ತಳ್ಳುವ ಲಾರಿ ಬೇಗನೆ ನಿಲ್ಲಲಾರದು, ಅದರ ಚಾಲಕನಿಗೆ ಮಗ್ಗುಲಲ್ಲೂ ಹಿಂದೆಯೂ ಇರುವವರು ಕಾಣುವುದಿಲ್ಲ. ಅದು ಬರುವ ಸದ್ದು ಕೇಳಿದ ಕೂಡಲೇ ರಸ್ತೆಯಂಚಿನಿಂದ ದೂರ ಸರಿಯಬೇಕು. ಅದು ಎಸೆಯುವ ಹಿಮದ ಅಲೆಯೇ ಮನುಷ್ಯನನ್ನು ಕೆಡವಬಲ್ಲದು. ಹೊಳೆಯುವ ಬಣ್ಣದ ಮೇಲಂಗಿ ತೊಡಬೇಕು, ವಾಹನಗಳು ಬರುವ ದಿಕ್ಕಿಗೆ ಮುಖಮಾಡಿ ಕೆಲಸ ಮಾಡಬೇಕು. ಕಿವಿಗೆ ಹಾಡು ಕೇಳುವ ಸಾಧನ ಸಿಕ್ಕಿಸಿಕೊಂಡು ಕೆಲಸಕ್ಕಿಳಿಯುವ ಯುವಕರಿಗೆ ಈ ಮಾತನ್ನು ಒತ್ತಿ ಹೇಳುತ್ತೇವೆ: ಅಲ್ಲಿ ನಿಮ್ಮ ಕಿವಿಯೇ ನಿಮ್ಮ ಕಾವಲು.

ತೆಗೆದ ಹಿಮವನ್ನು ಮತ್ತೆ ರಸ್ತೆಗೆ ಎಸೆಯಬಾರದು. ಅನೇಕ ನಗರಗಳಲ್ಲಿ ಅದು ದಂಡನೀಯ. ಬೀದಿಯ ಮೂಲೆಗಳಲ್ಲಿ ಎತ್ತರಕ್ಕೆ ರಾಶಿ ಹಾಕಿದರೆ ಚಾಲಕರಿಗೂ ರಸ್ತೆ ದಾಟುವ ಮಕ್ಕಳಿಗೂ ಒಬ್ಬರಿಗೊಬ್ಬರು ಕಾಣಿಸುವುದಿಲ್ಲ. ರಸ್ತೆಬದಿಯ ಹಿಮದ ರಾಶಿಯಲ್ಲಿ ಗುಹೆ ತೋಡಿ ಆಡುವ ಮಕ್ಕಳನ್ನು ಕೂಡಲೇ ಹೊರಕ್ಕೆ ಕರೆಯಬೇಕು, ಲಾರಿಯ ಚಾಲಕನಿಗೆ ಅವರು ಒಳಗಿರುವುದು ತಿಳಿಯದು. ಹಿಮದ ಭಾರಕ್ಕೆ ವಿದ್ಯುತ್ ತಂತಿ ಹರಿದು ಬಿದ್ದಿದ್ದರೆ ಹತ್ತು ಮೀಟರ್ ದೂರವೇ ನಿಂತು ಸಂಬಂಧಪಟ್ಟವರಿಗೆ ತಿಳಿಸಬೇಕು. ಮಾಡಿನ ಅಂಚಿನಿಂದ ಈಟಿಯಂತೆ ಇಳಿಬಿದ್ದ ಮಂಜುಗಡ್ಡೆಯ ಕೆಳಗೆ ನಿಲ್ಲಬಾರದು.

ಸ್ನೋ ಬ್ಲೋವರ್ ಎಂಬ ಹಿಮ ಎಸೆಯುವ ಯಂತ್ರದಲ್ಲಿ ಒದ್ದೆಹಿಮ ಸಿಕ್ಕಿಕೊಂಡಾಗ ಕೈಹಾಕಿ ತೆಗೆಯಲು ಹೋಗಿ ಬೆರಳು ಕಳೆದುಕೊಂಡವರು ಅನೇಕರು. ಯಂತ್ರ ನಿಲ್ಲಿಸಿದ ಮೇಲೂ ಒಳಗಿನ ಅಲಗಿನಲ್ಲಿ ಬಿಗಿತ ಉಳಿದಿರುತ್ತದೆ, ಹಿಮ ಸಡಿಲಗೊಂಡ ಕ್ಷಣ ಅದು ಗಕ್ಕನೆ ತಿರುಗುತ್ತದೆ. ಯಂತ್ರ ನಿಲ್ಲಿಸಿ, ತುಸು ಕಾದು, ಕೋಲಿನಿಂದಲೇ ಹಿಮ ಬಿಡಿಸಬೇಕು.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು, ಮೂಗಿಗೂ ತಿಳಿಯದು. 2016ರ ಜನವರಿಯಲ್ಲಿ ಅಮೆರಿಕದ ನ್ಯೂಜೆರ್ಸಿ ರಾಜ್ಯದ ಪಸೇಯಿಕ್ ಎಂಬಲ್ಲಿ ತಂದೆಯೊಬ್ಬರು ಕಾರಿನ ಸುತ್ತಲಿನ ಹಿಮ ತೆಗೆಯುತ್ತಿದ್ದರು. ಚಳಿಯಾಗದಿರಲೆಂದು ತಾಯಿ ಮತ್ತು ಮಕ್ಕಳು ಎಂಜಿನ್ ಚಾಲೂ ಇದ್ದ ಕಾರಿನೊಳಗೆ ಕುಳಿತಿದ್ದರು. ಹೊಗೆಕೊಳವೆಯ ಬಾಯಿ ಹಿಮದಿಂದ ಮುಚ್ಚಿಹೋಗಿತ್ತು. ಕಾರ್ಬನ್ ಮೊನಾಕ್ಸೈಡ್ ಅನಿಲ ಕಾರಿನೊಳಗೆ ತುಂಬಿ ತಾಯಿಯೂ ಹಸುಳೆಯೂ ಪ್ರಾಣಬಿಟ್ಟರು. ತಂದೆ ಕೆಲವೇ ಅಡಿಗಳ ದೂರದಲ್ಲಿದ್ದರು. ಮೊದಲು ಹೊಗೆಕೊಳವೆಯ ಬಾಯಿ ತೆರವಾಗಬೇಕು, ಆಮೇಲೆ ಎಂಜಿನ್ ಎಂಬ ನಿಯಮವನ್ನು ಕಾರಿರುವ ಪ್ರತಿಯೊಬ್ಬ ಗೃಹಸ್ಥನೂ ಕಂಠಪಾಠ ಮಾಡಿಕೊಳ್ಳಬೇಕು.

ಉಡುಪು ಮತ್ತು ಬ್ರಾಂದಿಯ ಭ್ರಮೆ

ಒಂದೇ ದಪ್ಪ ಕೋಟಿಗಿಂತ ಪದರ ಪದರವಾಗಿ ಉಡುವುದು ಒಳ್ಳೆಯದು. ಬೆವರಿದಾಗ ಒಂದನ್ನು ಕಳಚಬಹುದು. ನಮಗೆ ಪ್ರಿಯವಾದ ಹತ್ತಿಯ ಬಟ್ಟೆ ಅಲ್ಲಿ ಶತ್ರು. ಅದು ಬೆವರು ಹೀರಿ ಒದ್ದೆಯಾಗಿ ಮೈಯ ಕಾವನ್ನು ಕದಿಯುತ್ತದೆ. ಒಳಗೆ ಉಣ್ಣೆ ಅಥವಾ ಬೇಗ ಒಣಗುವ ಬಟ್ಟೆ, ಹೊರಗೆ ಗಾಳಿ ತಡೆಯುವ ಅಂಗಿ ಇರಬೇಕು. ಗಾಳಿಯ ಚಳಿಯನ್ನೂ ಸೇರಿಸಿ ಲೆಕ್ಕಹಾಕಿದ ಉಷ್ಣತೆ ಸೊನ್ನೆಗಿಂತ 28 ಡಿಗ್ರಿ ಕೆಳಗಿಳಿದರೆ ತೆರೆದ ಚರ್ಮವು ಹತ್ತರಿಂದ ಮೂವತ್ತು ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು. ಬೆರಳು, ಮೂಗು, ಕಿವಿ ಬೆಳ್ಳಗಾಗಿ ಸ್ಪರ್ಶಜ್ಞಾನ ತಪ್ಪಿದರೆ ಉಜ್ಜಬಾರದು, ಬೆಂಕಿಗೆ ಹಿಡಿಯಬಾರದು. ಮನೆಯೊಳಗೆ ಹೋಗಿ ಉಗುರುಬೆಚ್ಚಗಿನ ನೀರಿನಲ್ಲಿಟ್ಟು ವೈದ್ಯರ ಸಲಹೆ ಪಡೆಯಬೇಕು. ಸಕ್ಕರೆ ಕಾಯಿಲೆಯವರಿಗೆ ಪಾದದ ಮರಗಟ್ಟುವಿಕೆ ತಿಳಿಯದೇ ಹೋಗುವುದುಂಟು, ಅವರು ಇಮ್ಮಡಿ ಜಾಗ್ರತೆ ವಹಿಸಬೇಕು.

'ಎರಡು ಪೆಗ್ ಹಾಕಿದರೆ ಚಳಿ ಹತ್ತಿರ ಸುಳಿಯದು' ಎಂಬ ಮಾತು ನಮ್ಮ ಮನೆಗಳಲ್ಲಿಯೂ ಕೇಳಿಬರುತ್ತದೆ. ಮದ್ಯವು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆಚ್ಚಗಾದಂತೆ ಭ್ರಮೆ ಹುಟ್ಟಿಸುತ್ತದೆ. ವಾಸ್ತವವಾಗಿ ದೇಹದೊಳಗಿನ ಕಾವು ಆಗಲೇ ಬೇಗ ಹೊರಹೋಗುತ್ತದೆ. ಇದಕ್ಕೆ ಪುರಾವೆಯಾಗಿ ಕೆಲವರು ಸಂತ ಬರ್ನಾರ್ಡರ ನಾಯಿಗಳನ್ನು ಹೆಸರಿಸುತ್ತಾರೆ. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಪರ್ವತದ ಕಣಿವೆದಾರಿಯಲ್ಲಿ, 2,469 ಮೀಟರ್ ಎತ್ತರದಲ್ಲಿ, ಸಂತ ಬರ್ನಾರ್ಡರು ಹನ್ನೊಂದನೆಯ ಶತಮಾನದಲ್ಲಿ ಕಟ್ಟಿಸಿದ ಆಶ್ರಯಧಾಮವಿದೆ. ಅಲ್ಲಿನ ಧಾರ್ಮಿಕ ಸಭೆಯವರು ನಾಯಿಗಳ ನೆರವಿನಿಂದ ಹಿಮದಲ್ಲಿ ದಾರಿತಪ್ಪಿದ ಪ್ರಯಾಣಿಕರನ್ನು ಉಳಿಸಿದ್ದು ಇತಿಹಾಸ. ಆದರೆ ನಾಯಿಯ ಕೊರಳಿನ ಬ್ರಾಂದಿಪೀಪಾಯಿಯನ್ನು ಜನಪ್ರಿಯಗೊಳಿಸಿದ್ದು 1820ರಲ್ಲಿ ಎಡ್ವಿನ್ ಲ್ಯಾಂಡ್ಸೀರ್ ಎಂಬ ಆಂಗ್ಲ ಕಲಾವಿದ ಬರೆದ ಚಿತ್ರ. ಬ್ರಾಂದಿಯ ಬದಲು ಬಿಸಿ ಸಾರೋ ಶುಂಠಿ ಕಷಾಯವೋ ಇರಲಿ.

ಇಬ್ಬಿಬ್ಬರಾಗಿ ಹೋಗಿರಿ

ಪ್ರಭು ಯೇಸು ತಮ್ಮ ಶಿಷ್ಯರನ್ನು ಸೇವೆಗೆ ಕಳುಹಿಸುವಾಗ ಒಬ್ಬೊಬ್ಬರಾಗಿ ಕಳುಹಿಸಲಿಲ್ಲ, ಇಬ್ಬಿಬ್ಬರಾಗಿ ಕಳುಹಿಸಿದರು. ಹಿಮ ತೆಗೆಯುವ ಸ್ವಯಂಸೇವಕನಿಗೂ ಈ ಕ್ರಮವೇ ರಕ್ಷಾಕವಚ. ಒಬ್ಬನು ಕುಸಿದರೆ ಕರೆಮಾಡಲು, ಎದೆ ಒತ್ತಿ ಉಸಿರು ಉಳಿಸಲು ಇನ್ನೊಬ್ಬನಿರಬೇಕು. ಎದೆ ಒತ್ತುವ ಈ ಪ್ರಥಮಚಿಕಿತ್ಸೆಯನ್ನು ಧರ್ಮಕೇಂದ್ರದ ಯುವಕರು ಚಳಿಗಾಲಕ್ಕೆ ಮುನ್ನವೇ ಕಲಿತಿರುವುದು ಉತ್ತಮ. ಯಾವ ಬೀದಿಗೆ ಹೋಗುತ್ತೇವೆ, ಎಷ್ಟು ಹೊತ್ತಿಗೆ ಮರಳುತ್ತೇವೆ ಎಂಬುದನ್ನು ಮನೆಯಲ್ಲಿ ಹೇಳಿ ಹೊರಡಬೇಕು.

ಸಹಾಯ ಎಷ್ಟು ದೂರವಿರಬಹುದೆಂಬುದಕ್ಕೆ ಅಮೆರಿಕದ ಬಫಲೋ ನಗರವೇ ಸಾಕ್ಷಿ. 2022ರ ಕ್ರಿಸ್‌ಮಸ್ ದಿನಗಳಲ್ಲಿ ಅಲ್ಲಿ ಬೀಸಿದ ಹಿಮಬಿರುಗಾಳಿಗೆ ನಗರ ಮತ್ತು ಸುತ್ತಲಿನ ಪ್ರದೇಶದಲ್ಲಿ ನಲವತ್ತಕ್ಕೂ ಹೆಚ್ಚು ಮಂದಿ ಬಲಿಯಾದರು. ಹಿಮ ತೆಗೆಯುತ್ತಿದ್ದಾಗ ಹೃದಯ ನಿಂತು ಸತ್ತವರೂ ಅವರಲ್ಲಿದ್ದರು. ಆಂಬುಲೆನ್ಸುಗಳೂ ಅಗ್ನಿಶಾಮಕ ವಾಹನಗಳೂ ಹಿಮದಲ್ಲಿ ಸಿಕ್ಕಿಬಿದ್ದು, ಕರೆ ಬಂದರೂ ಹೋಗಲಾಗದ ಸ್ಥಿತಿ ಒದಗಿತ್ತು. ಅಂತಹ ಹೊತ್ತಿನಲ್ಲಿ ಮನೆಯೊಳಗಿದ್ದು ನೆರೆಯವರಿಗೆ ದೂರವಾಣಿಯಲ್ಲಿ 'ಹೇಗಿದ್ದೀರಿ' ಎಂದು ವಿಚಾರಿಸುವುದೇ ಸೇವೆ. ಗಂಭೀರ ಕಾರಣವಿದ್ದಾಗ ಭಾನುವಾರದ ಬಲಿಪೂಜೆಯ ಕಡ್ಡಾಯವೂ ಅನ್ವಯಿಸುವುದಿಲ್ಲವೆಂದು ಧರ್ಮಸಭೆಯೇ ಹೇಳುತ್ತದೆ. ಪೂಜೆಗೆ ಬಾರದಿರಲು ಅನುಮತಿಸುವ ಹಿಮವು ಸಲಿಕೆ ಹಿಡಿಯದಿರಲೂ ಅನುಮತಿಸುತ್ತದೆ.

ತ್ಯಾಗವೋ, ದುಡುಕೋ?

'ಪರರಿಗಾಗಿ ಪ್ರಾಣ ಕೊಟ್ಟವರೇ ಸಂತರಲ್ಲವೇ? ಇಷ್ಟೆಲ್ಲ ಲೆಕ್ಕಹಾಕಿ ಮಾಡುವುದು ಸೇವೆಯೇ?' ಎಂದು ಓದುಗರಲ್ಲಿ ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದು. ಮೊಲೊಕಾಯಿ ದ್ವೀಪದ ಕುಷ್ಠರೋಗಿಗಳ ನಡುವೆ ಬಾಳಿ, ಅದೇ ರೋಗದಿಂದ 1889ರಲ್ಲಿ ಮಡಿದ ಸಂತ ಡೇಮಿಯನ್ ಅವರನ್ನು ನಾವು ಪೂಜ್ಯಭಾವದಿಂದ ನೆನೆಯುತ್ತೇವೆ. ಅವರು ಹೋಗದಿದ್ದರೆ ಆ ಜನರಿಗೆ ಬೇರೆ ದಿಕ್ಕಿರಲಿಲ್ಲ. ಕಾಲುದಾರಿಯ ಹಿಮಕ್ಕಾದರೋ ನಾಳೆಯವರೆಗೆ ಕಾಯಬಹುದು, ಇನ್ನೊಬ್ಬರನ್ನು ಕರೆಯಬಹುದು, ಅರ್ಧ ಮಾಡಿ ನಿಲ್ಲಿಸಬಹುದು. ಕಾಯಬಹುದಾದ ಕೆಲಸಕ್ಕೆ ಪ್ರಾಣ ತೆರುವುದು ತ್ಯಾಗವೆನಿಸದು.

ಸೈತಾನನು ಪ್ರಭುವನ್ನು ದೇವಾಲಯದ ಶಿಖರಕ್ಕೆ ಕರೆದೊಯ್ದು, ಕೆಳಕ್ಕೆ ಧುಮುಕು, ದೇವದೂತರು ಕೈಯಲ್ಲಿ ಎತ್ತಿಕೊಳ್ಳುವರು ಎಂದು ಪ್ರಚೋದಿಸಿದ ಪ್ರಸಂಗವನ್ನು ತಪಸ್ಸುಕಾಲದಲ್ಲಿ ನಾವು ಕೇಳುತ್ತೇವೆ. ಪ್ರಭು ಧುಮುಕಲಿಲ್ಲ. ದೇವರನ್ನು ಪರೀಕ್ಷಿಸಬಾರದೆಂದರು. ಎದೆನೋವನ್ನು ಅಲಕ್ಷಿಸಿ 'ದೇವರ ಕೆಲಸ, ದೇವರೇ ಕಾಯುತ್ತಾನೆ' ಎನ್ನುವುದು ಆ ಶಿಖರದಿಂದ ಧುಮುಕಿದಂತೆಯೇ. ಜೀವ ಮತ್ತು ಆರೋಗ್ಯ ದೇವರು ನಮಗೊಪ್ಪಿಸಿದ ಅಮೂಲ್ಯ ವರಗಳು, ಅವನ್ನು ವಿವೇಕದಿಂದ ಕಾಪಾಡಿಕೊಳ್ಳಬೇಕೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಐದನೆಯ ಆಜ್ಞೆಯ ವಿವರಣೆಯಲ್ಲಿ ಬೋಧಿಸುತ್ತದೆ. ನಮ್ಮಂತೆಯೇ ನೆರೆಯವರನ್ನು ಪ್ರೀತಿಸಬೇಕೆಂಬ ಆಜ್ಞೆಯಲ್ಲಿ 'ನಮ್ಮಂತೆ' ಎಂಬ ಮಾತೂ ಇದೆಯಲ್ಲವೇ? ಕೊನೆಗೆ ಆ ವೃದ್ಧೆಯ ಸ್ಥಿತಿಯನ್ನೂ ನೆನೆಯೋಣ. ತನ್ನ ಬಾಗಿಲ ಮುಂದೆ, ತನಗಾಗಿ ಬಂದವನೊಬ್ಬ ಕುಸಿದು ಸತ್ತನೆಂಬ ಭಾರವನ್ನು ಆಕೆ ಉಳಿದ ದಿನಗಳೆಲ್ಲ ಹೊರಬೇಕಾಗುತ್ತದೆ. ಅದು ಯಾವ ಹಿಮಕ್ಕಿಂತಲೂ ಭಾರ.

ಮನೆಯವರಿಗೆ ಕಿವಿಮಾತು

ಮಗನ ಅಥವಾ ಮಗಳ ಮನೆಗೆ ಚಳಿಗಾಲದಲ್ಲಿ ಹೊರಟಿರುವ ಹಿರಿಯರು ಪ್ರಯಾಣಕ್ಕೆ ಮುಂಚೆ ಇಲ್ಲಿಯೇ ಹೃದಯ ತಪಾಸಣೆ ಮಾಡಿಸಿಕೊಳ್ಳಲಿ. ಔಷಧಿಗಳನ್ನೂ ವೈದ್ಯರ ಚೀಟಿಯನ್ನೂ ಜೊತೆಗೆ ಒಯ್ಯಲಿ. ಪ್ರವಾಸಿಗರಿಗೆ ಅಲ್ಲಿನ ಆಸ್ಪತ್ರೆಯ ವೆಚ್ಚ ಹೊರಲಾರದಷ್ಟು ದೊಡ್ಡದು. ಆರೋಗ್ಯ ವಿಮೆ ಮಾಡಿಸುವಾಗ, ಮೊದಲೇ ಇರುವ ಕಾಯಿಲೆಗೆ ಅದು ಅನ್ವಯಿಸುತ್ತದೆಯೇ ಎಂಬುದನ್ನು ಓದಿ ನೋಡಲಿ. ಹಿಮ ಬಿದ್ದ ಬೆಳಿಗ್ಗೆ ಅವರ ಪಾಲಿನ ಸೇವೆ ಬೇರೆ ಇದೆ. ಸಲಿಕೆ ಹಿಡಿದ ಎಳೆಯರಿಗೆ ಬಿಸಿ ಕಾಫಿ ಮಾಡಿಕೊಡಲಿ, ಕಿಟಕಿಯಿಂದ ಅವರ ಮೇಲೊಂದು ಕಣ್ಣಿಡಲಿ, ಹದಿನೈದು ನಿಮಿಷಕ್ಕೊಮ್ಮೆ ಒಳಗೆ ಕರೆಯಲಿ, ಜಪಸರ ಹಿಡಿದು ಪ್ರಾರ್ಥಿಸಲಿ. ಈ ಸೇವೆ ಸಲಿಕೆಯ ಸೇವೆಗಿಂತ ಕಿರಿದಲ್ಲ.

ಇಲ್ಲಿರುವ ಹೆತ್ತವರು ಮುಂದಿನ ಭಾನುವಾರ ದೂರವಾಣಿಯಲ್ಲಿ 'ಚಳಿ ಹೇಗಿದೆ' ಎಂದು ಕೇಳಿ ಸುಮ್ಮನಾಗದಿರಲಿ. ಜೊತೆಗೆ ಯಾರಿದ್ದರು, ನಡುನಡುವೆ ಕುಳಿತೆಯಾ, ಎದೆಯಲ್ಲಿ ಏನಾದರೂ ಆಯಿತೇ ಎಂದೂ ಕೇಳಲಿ. ಮಕ್ಕಳು ನಗಬಹುದು, ಆದರೂ ಕೇಳಲಿ.

ಈ ವರ್ಷ ಗೋದಲಿಯ ಮೇಲೆ ಹತ್ತಿ ಹರಡುವಾಗ, ದೂರದ ಬೀದಿಗಳಲ್ಲಿ ನಿಜವಾದ ಹಿಮವನ್ನು ತೆಗೆಯುತ್ತಿರುವ ನಮ್ಮ ಮಕ್ಕಳನ್ನು ನೆನೆಯೋಣ. ಅವರು ತೆರೆದ ದಾರಿಯಲ್ಲಿ ವೃದ್ಧರು ಸುರಕ್ಷಿತವಾಗಿ ನಡೆಯಲಿ, ದಾರಿ ತೆರೆದವರೂ ಸುರಕ್ಷಿತವಾಗಿ ಮನೆ ಸೇರಲಿ. ಹಿಮಮಾತೆಯಾದ ಕನ್ಯಾಮರಿಯಮ್ಮನವರು ಅವರೆಲ್ಲರನ್ನೂ ತಮ್ಮ ಮಡಿಲಿನಲ್ಲಿ ಕಾಪಾಡಲೆಂದು ಪ್ರಾರ್ಥಿಸುತ್ತೇವೆ.